ಹನ್ನೆರಡನೇ ಮೊಳೆ

ತೋತಾ ಗಂಡನ ಗದ್ದಕ್ಕೆ ಕಟ್ಟಿದ್ದ ಬಟ್ಟೆ ಸಡಿಲಿಸಿ, ಬಾಯೊಳಗೆ ಬೆರಳು ಹಾಕಿ ಮತ್ತೊಮ್ಮೆ ತಡಕಿದಳು. ಕೆನ್ನೆಯ ಸಂದಿ, ನಾಲಿಗೆಯ ಅಡಿ, ಉಳಿದಿದ್ದ ನಾಲ್ಕು ದವಡೆ ಹಲ್ಲುಗಳ ಹಿಂದೆ. ಮೊಳೆ ಸಿಗಲಿಲ್ಲ.

"ಅಮ್ಮಾ, ಪಾದ್ರಿಗಳು ಬಾಗಿಲಿಗೆ ಬಂದಿದಾರೆ. ಸಾಕು ಬಿಡಮ್ಮಾ" ಎಂದಳು ಮಗಳು ಯೊನ್ಕಾ.

"ಬಂದ್ರೆ ನಿಂತಿರ್ಲಿ. ಹನ್ನೊಂದೇ ಸಿಕ್ಕಿರೋದು. ನಿಮ್ಮಪ್ಪ ಹನ್ನೆರಡಕ್ಕೆ ಒಂದು ಕಮ್ಮಿ ಯಾವತ್ತಾದ್ರೂ ಬಾಯಿಗೆ ಹಾಕ್ಕೊಂಡಿದ್ದುಂಟಾ? ಗಂಟಲಲ್ಲಿ ಮೊಳೆ ಇಟ್ಕೊಂಡು ದೇವರ ಮುಂದೆ ನಿಂತ್ರೆ ಏನಂತ ಉತ್ತರ ಕೊಡ್ತಾರೆ ಅವರು?"

ಊರೆಲ್ಲ ಉಸ್ತಾ, ಅಂದರೆ ಕಸುಬಿನ ಗುರು, ಎಂದು ಕರೆಯುತ್ತಿದ್ದ ಮಿನ್ಯೂ ಹಿಂದಿನ ದಿನ ಬೆಳಗ್ಗೆ ತನ್ನ ಬೂಟಿನ ಕಾರ್ಖಾನೆಯಲ್ಲಿ, ತನ್ನ ಮಣೆಯ ಮೇಲೆ ಕೂತಲ್ಲೇ, ಬಾಯಿ ತುಂಬ ಮೊಳೆ ಇಟ್ಟುಕೊಂಡು ಸತ್ತುಹೋಗಿದ್ದ. ಅಟ್ಟೆಗೆ ಹೊಡೆಯುವ ಸಣ್ಣ ಮೊಳೆಗಳನ್ನು ತುಟಿಯಲ್ಲಿ ಸಾಲಾಗಿ ಕಚ್ಚಿ ಹಿಡಿದು, ಒಂದೊಂದೇ ತೆಗೆದು ಹೊಡೆಯುವುದು ಆ ಕಸುಬಿನವರ ಪದ್ಧತಿ. ಎಪ್ಪತ್ತು ವರ್ಷದ ಮನುಷ್ಯ. ನೋವಿಲ್ಲ, ನರಳಾಟವಿಲ್ಲ, ಸುತ್ತಿಗೆ ಎತ್ತಿದ ಕೈ ಹಾಗೇ ಇಳಿಯಿತು; ತೊಡೆಯ ಮೇಲಿದ್ದ ಅಟ್ಟೆಗೆ ಇನ್ನೂ ಒಂದು ಮೊಳೆಯೂ ಬಿದ್ದಿರಲಿಲ್ಲ. ಪುಣ್ಯವಂತನ ಸಾವು ಎಂದಿತು ಗಾಬ್ರೊವೊ ಊರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಊರದು, ಡಾಕ್ಟರ ಖರ್ಚೂ ಉಳಿಸಿದ ಎಂದು ಅದೇ ಉಸಿರಿನಲ್ಲಿ ಮೆಚ್ಚಿಕೊಂಡಿತು.

ಹೆಣವನ್ನು ಕಾರ್ಖಾನೆಯ ಕೆಳಮನೆಯಲ್ಲೇ, ಮಣೆಗಳ ನಡುವೆ ಮಲಗಿಸಿದ್ದರು. ಬರುವವರಿಗೆ ನಿಲ್ಲಲು ಜಾಗ ಸಾಲದೆ ಯಾರೋ ಪೆಟ್ಟಿಗೆಯನ್ನು ಕಿಟಕಿಯ ಮೂಲೆಗೆ ಸರಿಸೋಣ ಎಂದಾಗ, ಮೇಸ್ತ್ರಿ ಹಿಂಕೊ ಗದರಿದ್ದ: "ಅಲ್ಲಿ ಬೇಡ ಕಣ್ರೋ. ಆ ಮೂಲೆ ತೇವ. ಒಂದು ಚರ್ಮದ ಸುರುಳಿ ಇಟ್ರೂ ಉಸ್ತಾ ಮೈಮೇಲೆ ಬರೋನು. ಈಗ ಅವನನ್ನೇ ಅಲ್ಲಿ ಇಡ್ತೀರಾ?" ಮೂಲೆ ಎಂದಿನಂತೆ ಖಾಲಿ ಉಳಿಯಿತು.

ಈಗ ಅದೇ ಹಿಂಕೊ ಟೋಪಿ ಕೈಯಲ್ಲಿ ಹಿಡಿದು ಹತ್ತಿರ ಬಂದ. ಉದ್ದ ಮೀಸೆ, ಬಿಲ್ಲಿನಂತೆ ಬಾಗಿದ ಬೆನ್ನು, ಮೂವತ್ತೆರಡು ವರ್ಷ ಮಿನ್ಯೂವಿನ ಪಕ್ಕದ ಮಣೆಯಲ್ಲಿ ಕೂತವನು.

"ಸಿಕ್ತಾ ಅಕ್ಕಾ?"

ತೋತಾ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು. ಇಲ್ಲ ಎಂದರ್ಥ. ಈ ದೇಶದಲ್ಲಿ ತಲೆ ಮೇಲೆ ಕೆಳಗೆ ಆಡಿದರೆ ಇಲ್ಲ, ಅಡ್ಡಡ್ಡ ಆಡಿದರೆ ಹೌದು. ತೊಟ್ಟಿಲ ಕೂಸೂ ಹಾಗೇ ಆಡಿಸುತ್ತದೆ. ಉಳಿದ ಲೋಕವೆಲ್ಲ ಉಲ್ಟಾ ಆಡಿಸುತ್ತದಂತೆ, ಅವರ ಕರ್ಮ.

"ಹೋಗ್ಲಿ ಬಿಡು" ಎಂದ ಹಿಂಕೊ. "ಒಂದು ಮೊಳೆ ಜೊತೇಲಿದ್ರೆ ಒಳ್ಳೇದೇ. ಮೇಲೆ ಸಂತರ ಚಪ್ಪಲಿಗಳೆಲ್ಲ ಕಿತ್ತುಹೋಗಿರ್ತವೆ."

ತೋತಾ ನಗು ತಡೆದುಕೊಂಡು, ಹನ್ನೊಂದು ಮೊಳೆಗಳನ್ನು ಜೇಬಿಗೆ ಹಾಕಿ, ಬಟ್ಟೆ ಬಿಗಿದು ಕಟ್ಟಿದಳು. ಪಾದ್ರಿ ಒಳಗೆ ಬಂದ. ಪಾದ್ರಿಯ ಹಿಂದೆಯೇ, ಕಪ್ಪು ಕೋಟಿನ, ಬಿಳಿ ಹುಬ್ಬಿನ, ಎತ್ತರದ ಪರದೇಶಿಯೊಬ್ಬ ತಲೆ ಬಗ್ಗಿಸಿ ಬಂದ. ಅವನ ಕೈಯಲ್ಲಿ ಒಂದು ಹಿಡಿ ಸೇವಂತಿಗೆ ಇತ್ತು.

ಹಿಂಕೊನ ಮುಖ ಬಿಳಿಚಿತು.

"ಇವನಾ?" ಎಂದ. "ಜರ್ಮನಿಯವನು! ಹದಿಮೂರು ವರ್ಷದ ಹಿಂದೆ ಬೇಡ ಅನ್ನಿಸ್ಕೊಂಡು ಹೋದೋನು, ಈಗ ಹೆಣದ ಹತ್ರ ಹೂಂ ಅನ್ನಿಸ್ಕೊಳ್ಳೋಕೆ ಬಂದಿದಾನೆ!"

"ಮೆಲ್ಲಗೆ ಮಾವ" ಎಂದಳು ಯೊನ್ಕಾ. "ಅವರನ್ನ ನಾನೇ ಕರೆಸಿದ್ದು."

*

ಯೊನ್ಕಾ ಕರೆಸಿದ್ದಕ್ಕೆ ಕಾರಣವಿತ್ತು. ಒಂದು ಕಾಲಕ್ಕೆ ನಲವತ್ತು ಮಣೆ ತುಂಬಿ ಸುತ್ತಿಗೆಯ ಸದ್ದಿಗೆ ಯಾಂತ್ರಾ ಹೊಳೆಯ ಸದ್ದೇ ಕೇಳದಿದ್ದ ಕಾರ್ಖಾನೆಯಲ್ಲಿ ಈಗ ಹದಿನಾಲ್ಕು ಜನ. (ಹೊಳೆಯ ಹೆಸರು ನಿಜಕ್ಕೂ ಯಾಂತ್ರಾ. ಊರಿಗೆ ಯಂತ್ರ ಬಾರದಿದ್ದರೂ ಹೊಳೆ ಬಂದಿತ್ತು.) ಬೇರೆ ದೇಶದಿಂದ ಯಂತ್ರದ ಬೂಟು ಬಂದು ಪೇಟೆಯಲ್ಲಿ ಸಾಲಾಗಿ ಕೂತಿತ್ತು. ಅಗ್ಗ, ಹಗುರ, ಮಳೆಗೆ ನೀರು ಕುಡಿಯುವುದಿಲ್ಲ. ಅಟ್ಟೆ ಹೊಲಿಯುವ ಯಂತ್ರವೊಂದು ಬಾರದಿದ್ದರೆ ಚಳಿಗೆ ಮೊದಲು ಬರುವ ದಿಮಿತ್ರಿ ಹಬ್ಬದ ಹೊತ್ತಿಗೆ ಬಾಗಿಲಿಗೆ ಬೀಗ. ಇದು ಯೊನ್ಕಾಗೆ ಗೊತ್ತು, ತೋತಾಗೆ ಗೊತ್ತು, ಹಿಂಕೊಗೂ ಒಳಗೊಳಗೆ ಗೊತ್ತು.

ಅಪ್ಪನಿಗೆ ಹೇಳಿ ಹೇಳಿ ಸಾಕಾಗಿ ಯೊನ್ಕಾ ಹೋದ ವಾರ ತಾನೇ ಆ ಜರ್ಮನ್ನನಿಗೆ ಕಾಗದ ಬರೆದು, ಆಮೇಲೆ ಅಪ್ಪನಿಗೆ ತಿಳಿಸಿದ್ದಳು. ಮಿನ್ಯೂ ಬೈಯಲಿಲ್ಲ, ಹೂಂ ಅನ್ನಲೂ ಇಲ್ಲ. "ಬರ್ಲಿ, ನೋಡೋಣ" ಎಂದು ಹಿಂಕೊನ ಕಡೆ ಕಣ್ಣು ಹೊರಳಿಸಿದ್ದ. ಆ ಜರ್ಮನ್, ಹೆಸರು ಲೋರೆಂಟ್ಸ್, ಯಂತ್ರವನ್ನು ಬೆಳಗಿನ ರೈಲಿನಲ್ಲೇ ತಂದಿದ್ದ. ಸ್ಟೇಷನ್ನಿನ ಗೋಡೆಯ ಮೇಲೆ ಅಂಟಿಸಿದ್ದ ಸಾವಿನ ಚೀಟಿಯಲ್ಲಿ ಮಿನ್ಯೂವಿನ ಮುಖ ನೋಡಿ ಅಲ್ಲೇ ಕುಸಿದು ಕೂತಿದ್ದನಂತೆ. ಯಂತ್ರ ಇನ್ನೂ ಗೂಡ್ಸ್ ಡಬ್ಬಿಯಲ್ಲಿತ್ತು. ಐದು ಗಂಟೆಯ ರೈಲಿಗೆ ಅದು ಮುಂದಿನ ಊರಿಗೆ ಹೋಗಬೇಕು. ಅಲ್ಲಿ ಕೊಳ್ಳುವವರು ಕಾದಿದ್ದರು.

"ಕೇಳಿದ ಕೂಡ್ಲೇ ಕೊಟ್ಬಿಡ್ತೀನಿ ಅಂದಿದಾರೆ" ಎಂದು ಯೊನ್ಕಾ ಸ್ಮಶಾನದ ಗುಡ್ಡ ಹತ್ತುವಾಗ ತಾಯಿಯ ಕಿವಿಯಲ್ಲಿ ಅಂದಳು. "ಆದ್ರೆ ಹೇಗಮ್ಮಾ ಕೇಳ್ಲಿ? ಅಪ್ಪ ಬೇಡ ಅಂದಿದ್ದು ಊರಿಗೇ ಗೊತ್ತು. ಮಣ್ಣು ಹಾಕಿದ ದಿನವೇ ಅವರ ಮಾತು ಮೀರ್ಲಾ? ಹಿಂಕೊ ಮಾವ ಎದ್ದುಹೋದ್ರೆ ಹದಿನಾಲ್ಕೂ ಜನ ಎದ್ದುಹೋಗ್ತಾರೆ. ಖಾಲಿ ಮನೇಲಿ ಯಂತ್ರ ಇಟ್ಕೊಂಡು ಪೂಜೆ ಮಾಡ್ಲಾ?"

ತೋತಾ ಹೆಜ್ಜೆ ಬಿರುಸು ಮಾಡಿದಳು. ಅವಳ ಬಾಯಲ್ಲೂ ಹದಿಮೂರು ವರ್ಷದಿಂದ ಒಂದು ಮೊಳೆ ಇತ್ತು. ಉಗುಳಿದರೆ ಗಂಡನ ಹೆಸರಿಗೆ ಚುಚ್ಚುತ್ತದೆ, ಇಟ್ಟುಕೊಂಡರೆ ಮಗಳ ಬದುಕಿಗೆ.

ಮುಂದೆ ಹೆಣದ ಗಾಡಿಯ ಹಿಂದೆ ನಡೆಯುತ್ತಿದ್ದವರ ಮಾತೆಲ್ಲ ಅದೇ. ಉಸ್ತಾ ಮಿನ್ಯೂ ಜರ್ಮನ್ ಯಂತ್ರಕ್ಕೆ ಬೇಡ ಅಂದ ಕತೆ.

"ಯಾಕೆ ಅಂದ ಹೇಳು? ಯಂತ್ರ ಕೆಟ್ರೆ ರಿಪೇರಿಗೆ ಬರ್ಲಿನ್ನಿಗೆ ಹೋಗ್ಬೇಕು. ಸುತ್ತಿಗೆ ಕೆಟ್ರೆ ಹಿತ್ತಲಿಗೆ ಹೋದ್ರೆ ಸಾಕು."

"ಅದಲ್ಲ ಮಾರಾಯ. ಕೈಯಲ್ಲಿ ಹೊಡೆದ ಮೊಳೆಗೆ ಕಾಲಿನ ಗುರುತು ಸಿಗುತ್ತೆ. ಯಂತ್ರಕ್ಕೆ ಕಾಲೂ ಒಂದೇ ಕಂಬವೂ ಒಂದೇ."

"ಏಯ್, ನಂಗೆ ಉಸ್ತಾ ಖುದ್ದು ಹೇಳಿದ್ದು. 'ನಾವು ಚೆನ್ನಾಗೇ ಇದೀವಲ್ಲ, ಚೆನ್ನಾಗಿರೋನು ಡಾಕ್ಟ್ರ ಹತ್ರ ಯಾಕೆ ಹೋಗ್ಬೇಕು' ಅಂದ."

ತೋತಾ ಕಪ್ಪು ವಸ್ತ್ರದ ಅಂಚು ಕಚ್ಚಿಕೊಂಡು ನಡೆದಳು. ಇಷ್ಟೂ ಕಾರಣಗಳನ್ನು ಅವನು ಬೇರೆ ಬೇರೆ ವರ್ಷ, ಬೇರೆ ಬೇರೆಯವರಿಗೆ ಹೇಳಿದ್ದು ಅವಳಿಗೆ ಗೊತ್ತಿತ್ತು. ಪ್ರತಿ ಸಲ ಹೇಳಿ ಬಂದ ದಿನ ಊಟ ಸೇರುತ್ತಿರಲಿಲ್ಲ ಮಹಾರಾಯನಿಗೆ.

ಗುಂಡಿಯ ಹತ್ತಿರ ಹಿಂಕೊ ನಿಂತು ನಾಲ್ಕು ಮಾತಾಡಿದ. "ಉಸ್ತಾ, ನೀನು ಒಂದೇ ಒಂದು ಸಲ ತಲೆ ಆಡಿಸ್ದೆ. ಅದ್ರಲ್ಲಿ ನಲವತ್ತು ಮನೆ ಉಳೀತು" ಎಂದು ಮಾತು ಮುಗಿಸಿದ. ನೆಲಕ್ಕೆ ಒಂದು ಹನಿ ವೈನ್ ಬಿಟ್ಟು, "ದೇವರು ಕ್ಷಮಿಸಲಿ" ಎಂದು ಎಲ್ಲರೂ ಅಂದರು. ಜರ್ಮನ್ನನೂ ಅಂದ.

*

ಹದಿಮೂರು ವರ್ಷದ ಹಿಂದೆ, ದೊಡ್ಡ ಯುದ್ಧ ಮುಗಿದು ಐದು ವರ್ಷವಾಗಿತ್ತು. ಆಗಲೂ ಬಿಳಿ ಹುಬ್ಬಿನ, ಹುಡುಗುಮುಖದ ಲೋರೆಂಟ್ಸ್ ಮಾದರಿ ಯಂತ್ರವೊಂದನ್ನು ತಂದು, ಕಿಟಕಿಯ ಮೂಲೆಯಲ್ಲಿ ನಿಲ್ಲಿಸಿ, ಮೂರು ದಿನ ಆಡಿಸಿ ತೋರಿಸಿದ. ಮಿನ್ಯೂ ಒಂದು ಗಂಟೆ ಬಡಿಯುವ ಅಟ್ಟೆಯನ್ನು ಅದು ಎರಡು ನಿಮಿಷದಲ್ಲಿ ಹೊಲಿದು ಉಗುಳುತ್ತಿತ್ತು. ಮೊದಲ ದಿನ ಮಿನ್ಯೂ ಅದರ ಹತ್ತಿರ ಹೋಗಲಿಲ್ಲ. ಎರಡನೆಯ ದಿನ ಅದು ಹೊಲಿದ ಬೂಟನ್ನು ಬಕೆಟ್ಟಿನ ನೀರಿನಲ್ಲಿ ಅಟ್ಟೆ ಮುಳುಗುವಂತೆ ನಿಲ್ಲಿಸಿಟ್ಟ. ಮೂರನೆಯ ದಿನ ತೆಗೆದು ಒಳಗೆ ಕೈ ಹಾಕಿ ನೋಡಿದ. ಒಲೆಯ ಬೂದಿಯಂತೆ ಒಣಗಿತ್ತು.

ಬುತ್ತಿ ತಂದಿದ್ದ ತೋತಾ ಬಾಗಿಲಲ್ಲಿ ನಿಂತು ಮುಂದಿನದನ್ನು ಕಣ್ಣಾರೆ ಕಂಡಳು. ಮಿನ್ಯೂ ಮಣೆಯ ಮೇಲೆ, ಬಾಯಲ್ಲಿ ಹನ್ನೆರಡು ಮೊಳೆ. ಜರ್ಮನ್ ಬಂದು ಯಂತ್ರ ತೋರಿಸಿ, ಹುಬ್ಬು ಎತ್ತಿ, "ಯಾ?" ಎಂದ. ಮಿನ್ಯೂ ಕಣ್ಣರಳಿಸಿ ತಲೆಯನ್ನು ಅಡ್ಡಡ್ಡ ಆಡಿಸಿದ. ಒಂದು ಸಲ ಅಲ್ಲ, ನಾಲ್ಕು ಸಲ. ಮದುವೆಗೆ ಒಪ್ಪುವಾಗಲೂ ಅಷ್ಟು ಜೋರಾಗಿ ಆಡಿಸಿರಲಿಲ್ಲ. ಜರ್ಮನ್ನನ ಮುಖ ಬಾಡಿತು. ಪಕ್ಕದಲ್ಲಿದ್ದ ಹಿಂಕೊನ ಕಡೆ ತಿರುಗಿ ಏನೋ ಕೇಳಿದ. ಹಿಂಕೊಗೆ ಯುದ್ಧದಲ್ಲಿ ಕಲಿತ ಎರಡಕ್ಷರ ಜರ್ಮನ್ ಬರುತ್ತಿತ್ತು. ಅಷ್ಟರಲ್ಲಿ ಬುತ್ತಿಯ ಸಾರು ಚೆಲ್ಲಿ ತೋತಾ ಕೆಳಗೆ ನೋಡಿದಳು.

ಮಾದರಿ ಯಂತ್ರ ಗಾಡಿ ಹತ್ತಿತು. ತನ್ನದು ಹೊಸತು ಬರುತ್ತದೆ ಎಂದುಕೊಂಡ ಮಿನ್ಯೂ, ಕಾಗದಕ್ಕೆ ಸಹಿ ಹಾಕಲು ಮೀಸೆ ಬಾಚಿಕೊಂಡು ಬೆಳಗ್ಗೆ ಛತ್ರಕ್ಕೆ ಹೋದರೆ ಜರ್ಮನ್ ಬೆಳಕು ಹರಿಯುವ ಮುಂಚೆಯೇ ರೈಲು ಹತ್ತಿದ್ದ. ತಪ್ಪು ಏನಾಯಿತು ಎಂದು ದಾರಿಯಲ್ಲಿ ಹೊಳೆಯಿತು. ಟೆಲಿಗ್ರಾಂ ಕೊಡಬೇಕೆಂದು ಹಿಂದಿರುಗಿದರೆ ಕಾರ್ಖಾನೆಯ ಬಾಗಿಲಲ್ಲಿ ನಲವತ್ತೂ ಜನ, ಒಂದು ಡೋಲು, ಎರಡು ಪೀಪಾಯಿ ವೈನ್. ಈ ಊರಿನವರು ಕೇಳದೆ ಕೊಡುವ ವೈನ್ ಎಂದರೆ ಸಾಮಾನ್ಯವಲ್ಲ. "ಯಂತ್ರಕ್ಕೆ ಬೇಡ ಅಂದ ಉಸ್ತಾ!" ಎಂದು ಅವನನ್ನು ಹೆಗಲ ಮೇಲೆ ಹೊತ್ತು ಸೇತುವೆಯ ತನಕ ಕುಣಿದರು.

"ತೋತಾ, ಐವತ್ತೇಳು ವರ್ಷದಲ್ಲಿ ನನ್ನನ್ನ ಯಾರೂ ಹೊತ್ತಿರ್ಲಿಲ್ಲ ಕಣೆ" ಎಂದ ಅಂದು ರಾತ್ರಿ, ಬೂಟನ್ನೂ ಬಿಚ್ಚದೆ ಮಂಚದ ಮೇಲೆ ಕೂತು. "ನಾಳೆ ಹೇಳ್ತೀನಿ. ನೀನು ಮಾತ್ರ ಯಾರಿಗೂ ಬಾಯಿ ಬಿಡ್ಬೇಡ."

ನಾಳೆ ಹದಿಮೂರು ವರ್ಷವಾಯಿತು.

*

ಮಣ್ಣು ಮಾಡಿ ಬಂದವರಿಗೆ ಕಾರ್ಖಾನೆಯಲ್ಲೇ, ಮಣೆಗಳ ಮೇಲೆ ಹಲಗೆ ಹಾಸಿ ಊಟ. ಸಕ್ಕರೆ, ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿ, ಹುರುಳಿಕಾಯಿ, ಬ್ರೆಡ್ಡು, ಪ್ಲಮ್ ಹಣ್ಣಿನ ಸಾರಾಯಿ. ಸತ್ತವರ ಊಟದಲ್ಲಿ ಲೋಟಕ್ಕೆ ಲೋಟ ತಾಗಿಸುವಂತಿಲ್ಲ. ತಾಗಿಸದೆಯೇ ಮೂರು ಸುತ್ತು ಇಳಿದವು. ಗೋಡೆಯ ಗಡಿಯಾರದಲ್ಲಿ ನಾಲ್ಕಾಯಿತು.

ಯೊನ್ಕಾ ಗಡಿಯಾರ ನೋಡಿದಳು. ಜರ್ಮನ್ ಗಡಿಯಾರ ನೋಡಿ, ಹಿಂಜರಿದು ಎದ್ದು, ತನ್ನ ಹರಕು ಮುರುಕು ಭಾಷೆಯಲ್ಲಿ ಹೇಳಿದ: "ನಾನು ಹೋಗುವೆ. ಉಸ್ತಾ ದೊಡ್ಡ ಮನುಷ್ಯ. ನನಗೆ ಬೇಡ ಅಂದ ಮೊದಲ ಮನುಷ್ಯ. ಆ ದಿನ ಛತ್ರದಲ್ಲಿ ನಾನು ಅತ್ತೆ."

"ಅತ್ತೆಯಾ!" ಎಂದು ತೋತಾಗೆ ಬಾಯಿ ತಪ್ಪಿ ಬಂತು. "ಅಯ್ಯೋ ಮಗನೇ, ಇಲ್ಲಿ ಇವರೂ ಅತ್ರು!"

ಹಲಗೆಯುದ್ದಕ್ಕೂ ಚಮಚಗಳು ನಿಂತವು. ತೋತಾ ಮಗಳ ಮುಖ ನೋಡಿದಳು. ಖಾಲಿ ಬಿದ್ದ ಇಪ್ಪತ್ತಾರು ಮಣೆಗಳ ಕಡೆ ನೋಡಿದಳು. ಕ್ಷಮಿಸಿಬಿಡಿ ಎಂದು ಮನಸ್ಸಿನಲ್ಲೇ ಗಂಡನಿಗೆ ಹೇಳಿ, ಎದ್ದು ನಿಂತಳು.

"ಇವರು ಬೇಡ ಅನ್ಲೇ ಇಲ್ಲ ಕಣ್ರಪ್ಪಾ. ಬಾಯಿ ತುಂಬ ಮೊಳೆ ಇತ್ತು. ತಲೆ ಅಡ್ಡಡ್ಡ ಆಡಿಸಿದ್ರು. ನಮ್ಮ ಥರ! ಹೂಂ ಅಂದ್ರು. ನಾಲ್ಕು ಸಲ ಹೂಂ ಅಂದ್ರು. ಈ ಪುಣ್ಯಾತ್ಮ ತನ್ನ ದೇಶದ ಥರ ತಿಳ್ಕೊಂಡು ರೈಲು ಹತ್ತಿದ. ನೀವು ಡೋಲು ತಂದು ಹೊತ್ತು ಮೆರೆಸಿದ್ರಿ. ಅಷ್ಟೊಂದು ಹೊಗಳಿದ್ಮೇಲೆ ಯಾವ ಗಂಡಸು 'ಇಲ್ಲ, ಅದು ತಪ್ಪಾಗಿ ಆಗಿದ್ದು' ಅಂತ ಕೆಳಗಿಳಿದು ಬರ್ತಾನೆ ಹೇಳಿ? ಇಳೀಲಿಲ್ಲ. ನಿಮ್ಮ ಹೆಗಲ ಮೇಲೇ ಸತ್ರು."

ಮೊದಲು ಪಾದ್ರಿಯ ಮೂಗಿನಿಂದ ಸಾರಾಯಿ ಚಿಮ್ಮಿತು. ಅಷ್ಟೇ ಸಾಕಾಯಿತು. ಚರ್ಮ ಕತ್ತರಿಸುವ ಮುದುಕ ಹಲಗೆಗೆ ಹಣೆ ಚಚ್ಚಿಕೊಂಡು ನಕ್ಕ, ಹೆಂಗಸರು ಕಪ್ಪು ವಸ್ತ್ರ ಬಾಯಿಗೆ ತುರುಕಿಕೊಂಡು ನಕ್ಕರು, ಯೊನ್ಕಾ ಅಳುತ್ತಳುತ್ತ ನಕ್ಕಳು. "ಹದಿಮೂರು ವರ್ಷ! ಒಂದು ಮಾತೂ ಖರ್ಚು ಮಾಡ್ದೆ ಹೀರೋ ಆದ! ಇವನಪ್ಪಾ ನಮ್ಮೂರಿನವನು!" ಎಂದು ಯಾರೋ ಕೂಗಿದರು. ಗಂಡನ ಹೆಸರು ಕೆಡುತ್ತದೆ ಎಂದು ಹೆದರಿದ್ದ ತೋತಾ ಸುತ್ತ ನೋಡಿದಳು. ಮಿನ್ಯೂವನ್ನು ಅವರು ಇಷ್ಟು ಪ್ರೀತಿಯಿಂದ ನೋಡಿದ್ದು ಡೋಲಿನ ದಿನವೂ ಅಲ್ಲ.

ನಗದೇ ಇದ್ದವರು ಇಬ್ಬರು. ಜರ್ಮನ್ ಮತ್ತು ಹಿಂಕೊ.

"ಆದರೆ ನಾನು ಕೇಳಿದೆ" ಎಂದ ಜರ್ಮನ್, ನಿಧಾನವಾಗಿ. "ನಿಮ್ಮ ತಲೆ ಉಲ್ಟಾ ಅಂತ ನನಗೆ ಮೂರು ವರ್ಷ ಆದ ಮೇಲೆ ಗೊತ್ತಾಯಿತು. ಆಗ ಉಸ್ತಾ ನೆನಪಾದ. ಆದರೆ ಹಿಂಕೊಗೆ ಜರ್ಮನ್ ಬರುತ್ತದೆ. ಅವನನ್ನು ಅಂದೇ ಕೇಳಿದ್ದೆ, 'ಬೇಡ ಅಂದನಾ?' ಹಿಂಕೊ ತಲೆ ಹೀಗೆ ಆಡಿಸಿದ." ಮೇಲೆ ಕೆಳಗೆ ಆಡಿಸಿ ತೋರಿಸಿದ. "ಹಿಂಕೊಗೆ ನಮ್ಮ ರೀತಿ ಗೊತ್ತಲ್ಲ, ನಮ್ಮ ಥರ ಹೌದು ಅಂದ ಅಂದುಕೊಂಡೆ."

ಈಗ ಎಲ್ಲರ ಕಣ್ಣೂ ಹಿಂಕೊನ ಮೇಲೆ.

"ನಾನು ಸುಳ್ಳು ಹೇಳಿಲ್ಲ!" ಹಿಂಕೊ ಚಮಚ ಎತ್ತಿ ಹಿಡಿದ. "ಬೇಡ ಅಂದನಾ ಅಂದ. ಇಲ್ಲ ಅಂತ ತಲೆ ಆಡಿಸ್ದೆ. ನಮ್ಮ ಥರ! ಯಾವ ನ್ಯಾಯಾಧೀಶನ ಮುಂದೆ ಬೇಕಾದ್ರೂ ಹೇಳ್ತೀನಿ."

"ಹೌದಾ ಹಿಂಕೊ?" ಎಂದಳು ತೋತಾ. "ಅವನು ಹೇಗೆ ತಿಳ್ಕೋತಾನೆ ಅಂತ ನಿಂಗೆ ಗೊತ್ತಿರ್ಲಿಲ್ವಾ?"

ಹಿಂಕೊ ಚಮಚ ಇಳಿಸಿದ. ಮೀಸೆ ಒಂದು ಸಲ ಎಳೆದುಕೊಂಡ.

"ಗೊತ್ತಿತ್ತು ಅಕ್ಕಾ" ಎಂದ. "ಯಂತ್ರ ಚೆನ್ನಾಗಿದೆ ಅಂತಲೂ ಗೊತ್ತಿತ್ತು. ರಾತ್ರಿ ಕನಸಲ್ಲೂ ಅದರ ಸದ್ದು ಕೇಳ್ತಿತ್ತು ನಂಗೆ. ಆದ್ರೆ ನಮಗೆ ಕೂಲಿ ಜೋಡಿ ಲೆಕ್ಕದಲ್ಲಿ. ಅದ್ರ ಮುಂದೆ ಕೂತು ಕೈ ಪಳಗೋಕೆ ಎರಡು ತಿಂಗಳು. ಅಷ್ಟರ ತನಕ ದಿನಕ್ಕೆ ಅರ್ಧ ಜೋಡೀನೂ ಆಗಲ್ಲ. ಮನೇಲಿ ಹೆಂಡ್ತಿ ತುಂಬು ಬಸುರಿ. ಉಸ್ತಾಗೆ ಲಾಭ, ಊರಿಗೆ ಲಾಭ, ನನ್ನ ಗಡಿಗೆ ಖಾಲಿ. ಇನ್ನೊಂದು... ಹೇಳೇ ಬಿಡ್ತೀನಿ. ಮೊಳೆ ಹೊಡೆಯೋದ್ರಲ್ಲಿ ನಾನು ಊರಿಗೇ ಮೊದಲನೇವನು. ಅದ್ರ ಮುಂದೆ ಕೂತ್ರೆ ನಿನ್ನೆ ಸೇರಿದೋನಿಗೂ ನನಗೂ ಏನು ವ್ಯತ್ಯಾಸ?"

ಯಾರೂ ನಗಲಿಲ್ಲ. ಬೈಯಲೂ ಇಲ್ಲ. ಹದಿನಾಲ್ಕರಲ್ಲಿ ಹದಿಮೂರು ಜನ ತಮ್ಮ ತಮ್ಮ ಕೈ ನೋಡಿಕೊಂಡರು.

"ಅದಕ್ಕಾ!" ಎಂದಳು ಯೊನ್ಕಾ. "ಕಲಿಯೋ ತನಕ ದಿನಗೂಲಿ ಕೊಟ್ರೆ ಆಯ್ತಲ್ಲ ಮಾವ? ಜೋಡಿ ಲೆಕ್ಕ ಬೇಡ. ಮೊದಲು ಕಲಿತೋನೇ ಉಳಿದೋರಿಗೆ ಮೇಸ್ತ್ರಿ. ಮೊದಲು ಕಲಿಯೋನು ನೀವು."

ಹಿಂಕೊ ಬಾಯಿ ತೆರೆದ. "ಇಷ್ಟೇನಾ? ಇದನ್ನ ಹದಿಮೂರು ವರ್ಷದ ಹಿಂದೆ ಯಾಕೆ ಯಾರೂ ಹೇಳ್ಲಿಲ್ಲ?"

"ನೀವು ಯಾರನ್ನ ಕೇಳಿದ್ರಿ?"

"ನಮ್ಮ ಮನೆಯವರೂ ಕೇಳ್ಲಿಲ್ಲ" ಎಂದಳು ತೋತಾ. ಈಗ ಅವಳಿಗೆ ಒಂದೊಂದೇ ಅರ್ಥವಾಗತೊಡಗಿತ್ತು. "ಟೆಲಿಗ್ರಾಂ ಕೊಡ್ರೀ ಅಂದಾಗಲೆಲ್ಲ 'ಹಿಂಕೊ ಮೊದಲು ಹೂಂ ಅನ್ಲಿ' ಅನ್ನೋರು. ಯಾಕಂತ ನಂಗೆ ತಿಳೀತಿರ್ಲಿಲ್ಲ. ನೀನು ಮಾಡಿದ್ದು ಅವರಿಗೆ ಗೊತ್ತಿತ್ತು ಕಣೋ. ನೀನಾಗೇ ಹೇಳ್ಲಿ ಅಂತ ಕಾದ್ರು. ನೀನು ಅವರಿಗೆ ಹೆದರಿದೆ, ಅವರು ನಿನಗೆ ಹೆದರಿದ್ರು. ಪಕ್ಕಪಕ್ಕದ ಮಣೇಲಿ ಕೂತು! ಥೂ, ಎರಡು ಕತ್ತೆಗಳ ಹತ್ರ ಕಾರ್ಖಾನೆ ಕೊಟ್ಟಿದ್ದು ನಮ್ಮ ತಪ್ಪು."

ಹಿಂಕೊ ಮುಖಕ್ಕೆ ಟೋಪಿ ಹಿಡಿದು ಅತ್ತ. ಅಳು ಮುಗಿಸಿ ಒಂದು ದೊಡ್ಡ ಚಮಚ ಗೋಧಿ ಬಾಯಿಗೆ ತುರುಕಿಕೊಂಡ.

ನಾಲ್ಕೂವರೆ. ಜರ್ಮನ್ ಅವನ ಮುಂದೆ ಬಂದು ನಿಂತು, ಹುಬ್ಬು ಎತ್ತಿ, "ಯಾ?" ಎಂದ.

ಹಿಂಕೊ ಬಾಯಿ ತುಂಬ ಗೋಧಿ ಇಟ್ಟುಕೊಂಡು ತಲೆ ಆಡಿಸಿದ. ಅಡ್ಡಡ್ಡ.

"ನುಂಗಿ ಹೇಳೋ ಮಾರಾಯಾ!" ಎಂದು ಮನೆಯೇ ಕಿರುಚಿತು. "ಬಾಯಲ್ಲಿ ಹೇಳು!"

ಹಿಂಕೊ ನುಂಗಿ, ಕೆಮ್ಮಿ, ನೀರು ಕುಡಿದು, "ಹೂಂ" ಎಂದ. ಸಾಲದೆಂದು "ಯಾ" ಎಂದೂ ಸೇರಿಸಿದ.

ಗಾಡಿಯವನು ಸ್ಟೇಷನ್ನಿಗೆ ಓಡಿದ. ಜರ್ಮನ್ ಜೇಬಿನಿಂದ ಅಳತೆಯ ಪಟ್ಟಿ ತೆಗೆದು, ಎಲ್ಲಿ ನಿಲ್ಲಿಸುವುದು ಎಂದು ಕೇಳಿದ.

"ಖಾಲಿ ಇರೋದು ಆ ಕಿಟಕಿ ಮೂಲೆ ಒಂದೇ" ಎಂದಳು ಯೊನ್ಕಾ.

"ಅಲ್ಲಿ ತೇವ" ಎಂದ ಹಿಂಕೊ, ಅಭ್ಯಾಸಬಲದಿಂದ. ಆಮೇಲೆ ತಾನೇ ಹೋಗಿ, ಮೊಣಕಾಲೂರಿ, ಹಲಗೆಯ ನೆಲಕ್ಕೆ ಅಂಗೈ ಒತ್ತಿದ. ಮತ್ತೊಂದು ಕಡೆ ಒತ್ತಿದ. "ಒಣಗಿದೆಯಲ್ಲ! ಇಷ್ಟು ವರ್ಷ ತೇವ ತೇವ ಅಂದಿದ್ದು..." ಎನ್ನುತ್ತಿದ್ದವನ ಬೆರಳಿಗೆ ಏನೋ ತಾಗಿತು.

ಮೊಳೆಯ ತಲೆ. ನೆಲಕ್ಕೆ ಸಮನಾಗಿ ಹೊಡೆದ ಅಟ್ಟೆಯ ಮೊಳೆ, ಕಪ್ಪಗೆ ತುಕ್ಕು ಹಿಡಿದದ್ದು. ತೋಳುದ್ದ ಆಚೆ ಇನ್ನೊಂದು. ಗೋಡೆಯ ಹತ್ತಿರ ಮತ್ತೊಂದು. ಜರ್ಮನ್ ಬಗ್ಗಿ ಪಟ್ಟಿ ಹಿಡಿದು ಅಳೆದ. ಇನ್ನೊಮ್ಮೆ ಅಳೆದ. ಎದ್ದು ನಿಂತು ಪಟ್ಟಿ ಮಡಚಿದ.

"ಯಂತ್ರದ ಕಾಲು" ಎಂದ. "ಅಂದು ನನ್ನ ಯಂತ್ರ ನಿಂತ ಜಾಗ. ಸರಿಯಾಗಿ ಅದೇ ಅಳತೆ."

"ಮೂರೇ ಇದೆ. ನಾಲ್ಕನೇದು?" ಎಂದ ಹಿಂಕೊ. "ಈ ಕಡೆ ಹಲಗೆ ಹೊಸದು, ಗೆದ್ದಲು ಹಿಡಿದಿತ್ತು ಅಂತ ಮೊನ್ನೆ ತಾನೇ ಬಡಗಿ ಬದಲಾಯಿಸ್ದ. ಹಳೇ ಹಲಗೆ ಜೊತೆ ಹೋಯ್ತೇನೋ."

ತೋತಾ ಅವನನ್ನು ಸರಿಸಿ ಮೊಣಕಾಲೂರಿದಳು. ವಸ್ತ್ರದ ಅಂಚಿನಿಂದ ಹೊಸ ಬಿಳಿ ಹಲಗೆಯ ಧೂಳು ಒರೆಸಿದಳು. ಸಂಜೆಯ ಬಿಸಿಲು ಕಿಟಕಿಯಿಂದ ನೇರವಾಗಿ ಅಲ್ಲಿಗೇ ಬೀಳುತ್ತಿತ್ತು. ಹಲಗೆಯ ತುದಿಯಲ್ಲಿ, ಇರಬೇಕಾದ ಜಾಗದಲ್ಲೇ, ಒಂದು ಮೊಳೆಯ ತಲೆ ಥಳಥಳ ಹೊಳೆಯಿತು. ತುಕ್ಕಿಲ್ಲ, ಧೂಳಿಲ್ಲ; ಹೊಡೆದು ಎರಡು ದಿನವೂ ಆಗಿಲ್ಲ.

"ಅಮ್ಮಾ?" ಎಂದಳು ಯೊನ್ಕಾ ಹಿಂದಿನಿಂದ. "ಸಿಕ್ತಾ?"

ತೋತಾ ಮೊಳೆಯ ಮೇಲೆ ಬೆರಳಿಟ್ಟುಕೊಂಡು, ತಿರುಗಿ ನೋಡದೆ, ತಲೆಯನ್ನು ಅಡ್ಡಡ್ಡ ಆಡಿಸಿದಳು. ಒಂದು ಸಲ ಅಲ್ಲ, ನಾಲ್ಕು ಸಲ.